ಗುಂಪಿನ ಎತ್ತರ ಅಳೆಯುವ ಪುಟ್ಟ ನಾಯಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಒಂದು ಕಲ್ಲಿದೆ. ನಾಯಿಯೊಂದು ಕಾಡುಹಂದಿಯ ಮೇಲೆ ಬಿದ್ದಿರುವ ಚಿತ್ರ, ಅದರ ಸುತ್ತ ಹಳಗನ್ನಡದ ಬರಹ. ಎಂ.ಎ. ಓದುವಾಗ ಅದನ್ನು ನೋಡಲೆಂದೇ ಮೈಸೂರಿನಿಂದ ಬೆಳಗಿನ ರೈಲು ಹತ್ತಿ ಹೋಗಿದ್ದೆ. ಕಲ್ಲು ಮೂಲತಃ ಮದ್ದೂರು ತಾಲ್ಲೂಕಿನ ಆತಕೂರಿನದು. 949–50ರ ಸುಮಾರಿನ ಶಾಸನ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರನನ್ನು ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎನ್ನುತ್ತಾನೆ. ಇವನು ಊರು ಕೇಳುವುದಿಲ್ಲ, ಹೊನ್ನು ಕೇಳುವುದಿಲ್ಲ. ಕಾಳಿ ಎಂಬ ನಾಯಿಯನ್ನು ಕೊಡಿ ಎನ್ನುತ್ತಾನೆ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು.

ಆಗ ಈ ಕಲ್ಲಿನ ಮುಂದೆ ನಿಂತು ಗಂಗ–ರಾಷ್ಟ್ರಕೂಟರ ರಾಜಕೀಯವನ್ನಷ್ಟೇ ಟಿಪ್ಪಣಿ ಮಾಡಿಕೊಂಡಿದ್ದೆ. ನಾಯಿಯ ಗಾತ್ರದ ಬಗ್ಗೆ ಯೋಚನೆ ಬಂದದ್ದು ಇಪ್ಪತ್ತು ವರ್ಷದ ಮೇಲೆ, ನಮ್ಮ ಮನೆಗೆ ಪುಟ್ಟಿ ಬಂದಾಗ. ಪುಟ್ಟಿಯ ತೂಕ ನಾಲ್ಕು ಕೆಜಿ. ತಾಯಿ ಪೊಮೆರೇನಿಯನ್, ತಂದೆ ಯಾರೆಂದು ಕುವೆಂಪುನಗರದ ನಮ್ಮ ಬೀದಿಗೆ ಗೊತ್ತು. ನಾನು ಓದುವಾಗ ಕುರ್ಚಿಯ ಕೆಳಗೆ ಮಲಗುತ್ತಾಳೆ. ಕಾಳಿಯ ಕಥೆ ಓದಿ ಹೇಳಿದರೆ ಬಾಲ ಅಲ್ಲಾಡಿಸುತ್ತಾಳೆ. ಆದರೆ ಹಂದಿಯ ಮೇಲೆ ಇವಳನ್ನು ಯಾರು ತಾನೇ ಬಿಟ್ಟಾರು? ಇವಳಿಗೆ ಕಲ್ಲು ಯಾರು ನಿಲ್ಲಿಸಿಯಾರು?

ನಮ್ಮ ಚರಿತ್ರೆ ನೆನಪಿಟ್ಟುಕೊಂಡಿದ್ದು ದೊಡ್ಡ ನಾಯಿಗಳನ್ನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಇಪ್ಪತ್ತು ವಿನೋದಗಳ ಒಂದು ಭಾಗವಿದೆ. ಆನೆ, ಕುದುರೆ, ಮಲ್ಲಯುದ್ಧ, ಕೋಳಿ, ಟಗರು, ಕೋಣ, ಪಾರಿವಾಳಗಳ ಜೊತೆಗೆ ಸಾರಮೇಯ ವಿನೋದವೂ ಒಂದು, ಅಂದರೆ ನಾಯಿಗಳ ಆಟ. ಈ ಗ್ರಂಥಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರಿದೆ. ಅದರ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಲ್ಲೇ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಿಂದ ಹೊರತಂದ ಅದೇ ಶಾಸ್ತ್ರಿಗಳು. ಸೋಮೇಶ್ವರನ ಆಟದ ನಾಯಿ ಬೇಟೆಯ ನಾಯಿ. ಓಡಬೇಕು, ಹಿಡಿಯಬೇಕು, ಅರಸ ನೋಡಿ ಸಂತೋಷಪಡಬೇಕು. ಅಲ್ಲಿಂದ ಒಂಬೈನೂರು ವರ್ಷ ದಾಟಿ ಬನ್ನಿ: 2005ರಲ್ಲಿ ಅಂಚೆ ಇಲಾಖೆ ಭಾರತದ ನಾಯಿ ತಳಿಗಳ ನಾಲ್ಕು ಅಂಚೆಚೀಟಿ ತಂದಿತು. ಹಿಮಾಲಯದ ಕುರಿನಾಯಿ, ರಾಂಪುರ ಹೌಂಡ್, ರಾಜಪಾಳಯಂ, ನಮ್ಮ ಮುಧೋಳ. ನಾಲ್ಕರಲ್ಲಿ ಒಂದೂ ಮಡಿಲಲ್ಲಿ ಕೂರುವಂಥದ್ದಲ್ಲ.

ಪುಟ್ಟ ನಾಯಿಗೆ ಚರಿತ್ರೆ ಇಲ್ಲವೆಂದಲ್ಲ, ಅದು ಬೇರೆ ಬಾಗಿಲಿನಿಂದ ಬಂತು. ಮೈಸೂರಿನ ಕೌಟಿಲ್ಯ ವೃತ್ತದ ಬಳಿ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವಿದೆಯಲ್ಲ, ಅದು ವಿಕ್ಟೋರಿಯಾ ರಾಣಿಯ 1887ರ ಸುವರ್ಣ ಮಹೋತ್ಸವದ ನೆನಪಿನದು. ಮರುವರ್ಷ, 1888ರಲ್ಲಿ, ಅದೇ ರಾಣಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೊ ಎಂಬ ಚಿಕ್ಕ ಪೊಮೆರೇನಿಯನ್ ನಾಯಿಯನ್ನು ತಂದಳು. ಅಲ್ಲಿಯವರೆಗೆ ಆ ತಳಿ ಇನ್ನೂ ದೊಡ್ಡದಿತ್ತು. ರಾಣಿಗೆ ಚಿಕ್ಕದು ಇಷ್ಟವಾಯಿತೆಂದ ಮೇಲೆ ಉಳಿದವರಿಗೂ ಚಿಕ್ಕದೇ ಬೇಕಾಯಿತು. ತಲೆಮಾರು ತಲೆಮಾರಿಗೆ ನಾಯಿ ಕುಗ್ಗುತ್ತ ಹೋಯಿತು. ಓಡುವ ಕೆಲಸ, ಕಾಯುವ ಕೆಲಸ ಎರಡೂ ಹೋಗಿ ಅದಕ್ಕೆ ಉಳಿದದ್ದು ಮುದ್ದು ಮಾಡಿಸಿಕೊಳ್ಳುವ ಕೆಲಸವೊಂದೇ. ದಸರೆಯ ಮುದ್ದುಪ್ರಾಣಿಗಳ ಪ್ರದರ್ಶನದಲ್ಲಿ ನೋಡಿ, ದೊಡ್ಡವು ನಡೆದು ಬರುತ್ತವೆ, ಪುಟ್ಟವು ಹೆಗಲ ಮೇಲೆ ಬರುತ್ತವೆ.

ಲೆಸ್ಟರಿನಲ್ಲಿರುವ ಅಕ್ಕನ ಮಗಳು ಒಂದು ರಾತ್ರಿ ವಿಡಿಯೊ ಕಳಿಸಿದಳು. ನಾಲ್ಕು ನಾಯಿಗಳು ಒಂದಾದ ಮೇಲೊಂದು ನಾಲ್ಕು ತಡೆಗಳನ್ನು ಹಾರಿ ಓಡುತ್ತವೆ. ಕೊನೆಯಲ್ಲಿ ಇಳಿಜಾರು ಹಲಗೆಯ ಪೆಟ್ಟಿಗೆ. ಅದನ್ನು ಕಾಲಿನಿಂದ ಒತ್ತಿದರೆ ಚೆಂಡು ಚಿಮ್ಮುತ್ತದೆ, ಕಚ್ಚಿಕೊಂಡು ವಾಪಸು ತಡೆ ಹಾರಿ ಬಂದರೆ ಮುಂದಿನ ನಾಯಿ ಹೊರಡುತ್ತದೆ. ಮೂರು ನಾಯಿಗಳು ಕುದುರೆಗಳಂತಿದ್ದವು. ನಾಲ್ಕನೆಯದು ನಮ್ಮ ಪುಟ್ಟಿಯಷ್ಟೇ. ಫೋನು ಮಾಡಿ, ಅಷ್ಟು ಚಿಕ್ಕದನ್ನು ಯಾಕಮ್ಮ ಹಾಕಿಕೊಂಡಿದ್ದಾರೆ, ಸೋಲೋದಕ್ಕಾ ಎಂದೆ. ಅವಳು ನಕ್ಕಳು. "ಮಾಮ, ಅದಿರೋದ್ರಿಂದಲೇ ಅವರು ಗೆಲ್ಲೋದು."

ಆಟದ ಹೆಸರು ಫ್ಲೈಬಾಲ್. 1960ರ ದಶಕದ ಕೊನೆ, 70ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ನಾಯಿ ತರಬೇತುದಾರರು ಕಟ್ಟಿದ ಆಟವಿದು. ಚೆಂಡು ಚಿಮ್ಮಿಸುವ ಪೆಟ್ಟಿಗೆಯನ್ನು ಹರ್ಬರ್ಟ್ ವ್ಯಾಗ್ನರ್ ಎಂಬಾತ ಜಾನಿ ಕಾರ್ಸನ್‌ರ ಟೀವಿ ಕಾರ್ಯಕ್ರಮದಲ್ಲಿ ತೋರಿಸಿದ ಮೇಲೆ ಅದು ಹಬ್ಬಿತು. 1984ರಲ್ಲಿ ಉತ್ತರ ಅಮೆರಿಕದ ಸಂಘ ಹುಟ್ಟಿ ನಿಯಮಗಳನ್ನು ಬರೆಯಿತು. 1990ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನಕ್ಕೂ ಬಂತು. ಹೊರಡುವ ಗೆರೆಯಿಂದ ಪೆಟ್ಟಿಗೆಗೆ 51 ಅಡಿ. ಮೊದಲ ತಡೆ 6 ಅಡಿಗೆ, ಆಮೇಲಿನವು ಹತ್ತತ್ತು ಅಡಿಗೆ, ಕೊನೆಯ ತಡೆಯಿಂದ ಪೆಟ್ಟಿಗೆಗೆ 15 ಅಡಿ. ಅತಿ ವೇಗದ ತಂಡಗಳ ನಾಲ್ಕೂ ನಾಯಿಗಳು 15 ಸೆಕೆಂಡಿನೊಳಗೆ ಮುಗಿಸುತ್ತವೆ.

ಇಷ್ಟಾದರೆ ಇದೂ ಸೋಮೇಶ್ವರನ ವಿನೋದವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ತಡೆಯ ಎತ್ತರದ ನಿಯಮ. ಆ ಸಂಘದ ಲೆಕ್ಕದಲ್ಲಿ ಎತ್ತರ 7 ಅಂಗುಲದಿಂದ 14 ಅಂಗುಲದವರೆಗೆ ಇರಬಹುದು. ಎಷ್ಟೆಂದು ನಿರ್ಧರಿಸುವುದು ತಂಡದ ಅತಿ ಗಿಡ್ಡ ನಾಯಿ. ಅದನ್ನು ಅಳೆದು ಅದಕ್ಕೆ ಒಪ್ಪುವಷ್ಟು ಎತ್ತರವಿಟ್ಟರೆ, ನಾಲ್ಕೂ ನಾಯಿಗಳಿಗೆ ಅದೇ ಎತ್ತರ. ದೊಡ್ಡವು ತಡೆಯನ್ನು ಹಾರುವುದಿಲ್ಲ, ದಾಟಿಕೊಂಡು ಹೋಗುತ್ತವೆ. ಹಾಗಾಗಿ ಚುರುಕಾದ ಪುಟ್ಟ ನಾಯಿಗಾಗಿ ತಂಡಗಳು ಹುಡುಕಾಡುತ್ತವೆ. ನಾನು ಓದಿದ ಯಾವ ಶಾಸನದಲ್ಲೂ ಹೀಗೊಂದು ಏರ್ಪಾಡು ಕಂಡಿರಲಿಲ್ಲ.

ಎದುರುಮನೆಯ ರಾಯರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಬ್ರೂನೊ ಎಂಬ ಒಂಬತ್ತು ವರ್ಷದ ಲ್ಯಾಬ್ರಡಾರ್ ಅವರಲ್ಲಿದೆ, ತೀರಿಹೋದ ಅವರ ಹೆಂಡತಿ ಸಾಕಿದ ನಾಯಿ. ಅದರ ಹಿಂಗಾಲಿನ ಕೀಲು ಸವೆದು, ಅದು ನಡೆಯುವುದು ಕಡಿಮೆಯಾದಾಗಿನಿಂದ ರಾಯರೂ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಬಿಟ್ಟಿದ್ದರು. ನಾನು ವಿಡಿಯೊ ತೋರಿಸಿದಾಗ ಅವರು ನಾಯಿಗಳನ್ನು ನೋಡಲೇ ಇಲ್ಲ. "ಆ ಪೆಟ್ಟಿಗೇಲಿ ಯಾವ ಸ್ಪ್ರಿಂಗ್ ಹಾಕಿದಾರೆ?" ಎಂದರು.

ಹತ್ತು ದಿನದಲ್ಲಿ ಪ್ಲೈವುಡ್ಡಿನ ಪೆಟ್ಟಿಗೆ ಸಿದ್ಧವಾಯಿತು. ಪುಟ್ಟಿ ಹೋಗಿ ಹಲಗೆಯ ಮೇಲೆ ನಿಂತಳು, ಚೆಂಡು ಅಲ್ಲಾಡಲಿಲ್ಲ. ನಾಲ್ಕು ಕೆಜಿಗೆ ಬಗ್ಗುವ ಸ್ಪ್ರಿಂಗ್ ಅಲ್ಲ ಅದು. ರಾಯರು ಬಿಚ್ಚಿ ಸಡಿಲ ಮಾಡಿದರು. ಈಗ ಚೆಂಡು ಬಂತು, ಆದರೆ ಟೆನಿಸ್ ಚೆಂಡು ಅವಳ ಬಾಯಿಗೆ ಹಿಡಿಸಲಿಲ್ಲ. ಅವಳಿಗೊಂದು ಚಿಕ್ಕ ರಬ್ಬರ್ ಚೆಂಡು ತಂದೆವು, ಬ್ರೂನೊ ನುಂಗಿಬಿಟ್ಟರೆ ಕಷ್ಟವೆಂದು ಅದನ್ನು ಬೇರೆ ಡಬ್ಬಿಯಲ್ಲಿಟ್ಟೆವು. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು ಹೆಚ್ಚು, ಪೆಟ್ಟಿಗೆಗೆ ನೇರವಾಗಿ ಡಿಕ್ಕಿ ಹೊಡೆದರೆ ಹೆಗಲಿಗೂ ಪೆಟ್ಟು. ಈಜುಗಾರರು ಕೊಳದ ಗೋಡೆಯನ್ನು ಒದ್ದು ತಿರುಗುವಂತೆ ನಾಲ್ಕೂ ಕಾಲು ಹಲಗೆಗೆ ತಾಗಿಸಿ ತಿರುಗಬೇಕು. ಆಟದಲ್ಲಿ ತುಂಬ ಕಾಲ ಹಿಡಿದದ್ದು ಇದೊಂದೇ. ಚೆಂಡಿಲ್ಲದೆ, ಅವಲಕ್ಕಿ ಗಾತ್ರದ ಚಿಕನ್ ಚೂರಿನ ಆಸೆ ತೋರಿಸಿ, ತಿರುಗುವುದನ್ನಷ್ಟೇ ಎರಡು ತಿಂಗಳು ಕಲಿಸಿದೆ. ಚಿಕನ್ ಬೇಯಿಸುವುದು ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಲ್ಲ. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಜಾಗದ್ದು ಮತ್ತೊಂದು ಪಾಡು. ಬೀದಿಯ ಕೊನೆಯ ಖಾಲಿ ಸೈಟು ನಲವತ್ತು–ಅರವತ್ತರದು. 51 ಅಡಿ ಓಟಕ್ಕೆ ಹಿಂದೆ ಮುಂದೆ ಜಾಗ ಸಾಲದೆ, ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದೆವು: 72 ಅಡಿ. ಬೀದಿಯ ಹುಡುಗರು ಅನ್ನ ಹಾಕಿ ಸಾಕಿದ ಕರಿಯ, ಕೆಂಚಿ ತಂಡ ಸೇರಿದವು. ನಾಲ್ಕನೆಯ ನಾಯಿ ಯಾವುದು?

ಬ್ರೂನೊ ಹಾರಬಾರದು, ಕಾಲೆತ್ತಿ ದಾಟುವಷ್ಟಿದ್ದರೆ ಅಡ್ಡಿಯಿಲ್ಲ ಎಂದು ಪಶುವೈದ್ಯರು ಹೇಳಿದ್ದರು. ಅಷ್ಟು ಗಿಡ್ಡ ತಡೆ ಅದಕ್ಕೆ ಸಿಗುವುದು ಪುಟ್ಟಿ ತಂಡದಲ್ಲಿದ್ದರೆ ಮಾತ್ರ. ರಾಯರು ಪುಟ್ಟಿಯನ್ನು ಗೋಡೆಗೆ ನಿಲ್ಲಿಸಿ ಸ್ಕೇಲಿನಿಂದ ಅಳೆದರು, ಪಿವಿಸಿ ಪೈಪುಗಳನ್ನು 7 ಅಂಗುಲಕ್ಕೆ ಕತ್ತರಿಸಿದರು.

ಮೊದಲ ಭಾನುವಾರ ಕರಿಯ ಎರಡನೆಯ ತಡೆಯ ಬಳಿ ನಿಂತು ಕಾಲೆತ್ತಿದ. ಕೆಂಚಿ ಚೆಂಡು ತೆಗೆದುಕೊಂಡು ಮನೆಗೆ ಹೋದಳು. ಹುಡುಗರು ಹೋಗಿ ಕರೆತಂದರು. ಪುಟ್ಟಿ ಕಿವಿ ಹಿಂದಕ್ಕೆ ಮಾಡಿಕೊಂಡು ಹೋಗಿ ಬಂದಳು. ಕೊನೆಗೆ ಬ್ರೂನೊ. ಒಂದೊಂದೇ ಪೈಪನ್ನು ನೋಡಿ, ಕಾಲೆತ್ತಿ, ದಾಟಿ ಹೋಯಿತು. ಜೊತೆಗೆ ಪಕ್ಕದಲ್ಲಿ ರಾಯರೂ ನಡೆದರು, ಹೋಗುತ್ತ 51 ಅಡಿ, ಬರುತ್ತ 51 ಅಡಿ. ಒಟ್ಟು ಮೂರು ನಿಮಿಷ ಹತ್ತು ಸೆಕೆಂಡು ಎಂದು ಹುಡುಗನೊಬ್ಬ ಫೋನು ನೋಡಿ ಕೂಗಿದ.

ರಾಯರು ಏದುಸಿರು ಬಿಡುತ್ತ ಪೈಪುಗಳನ್ನು ಎತ್ತಿಟ್ಟರು. "ನಾಳೆ ಎಷ್ಟು ಹೊತ್ತಿಗೆ?"

"ಆರೂವರೆಗೆ ಬನ್ನಿ ರಾಯರೆ, ಬಿಸಿಲು ಏರೋ ಮೊದಲು," ಎಂದೆ.