ನ್ಯೂಮರಿಕಲ್ ರೆಸಿಪೀಸ್

'ನ್ಯೂಮರಿಕಲ್ ರೆಸಿಪೀಸ್: ದಿ ಆರ್ಟ್ ಆಫ್ ಸೈಂಟಿಫಿಕ್ ಕಂಪ್ಯೂಟಿಂಗ್' ಎಂಬುದು ಸಂಖ್ಯಾತ್ಮಕ ವಿಧಾನಗಳನ್ನೂ ಅವುಗಳಿಗೆ ತಕ್ಕ ಗಣಕ ಕ್ರಮವಿಧಿಗಳನ್ನೂ ಒಟ್ಟಿಗೆ ನೀಡುವ ಇಂಗ್ಲಿಷ್ ಗ್ರಂಥ. ವಿಲಿಯಂ ಪ್ರೆಸ್, ಸಾಲ್ ಟ್ಯೂಕೋಲ್ಸ್ಕಿ, ವಿಲಿಯಂ ವೆಟರ್ಲಿಂಗ್ ಮತ್ತು ಬ್ರಯಾನ್ ಫ್ಲಾನರಿ ಇದರ ಲೇಖಕರು. ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಇದನ್ನು ಮೊದಲು 1986ರಲ್ಲಿ ಪ್ರಕಟಿಸಿತು. 'ರೆಸಿಪಿ' ಎಂದರೆ ಪಾಕವಿಧಾನ. ಅಡುಗೆ ಪುಸ್ತಕದಂತೆ ನೇರವಾಗಿ ಬಳಸಬಹುದಾದ ಕೃತಿಯೆಂಬುದು ಈ ಹೆಸರಿನ ಆಶಯ.

ಸ್ವರೂಪ

ರೇಖೀಯ ಸಮೀಕರಣಗಳು, ಅನುಕಲನ, ಯಾದೃಚ್ಛಿಕ ಸಂಖ್ಯೆಗಳು, ಫೂರಿಯೇ ರೂಪಾಂತರ, ಅವಕಲ ಸಮೀಕರಣಗಳು ಮುಂತಾದ ವಿಷಯಗಳು ಇದರಲ್ಲಿವೆ. ಪ್ರತಿಯೊಂದು ವಿಧಾನದ ಹಿಂದಿನ ಗಣಿತವನ್ನು ವಿವರಿಸಿ, ಅದು ಎಲ್ಲಿ ಸೋಲಬಹುದೆಂದು ಎಚ್ಚರಿಸಿ, ಬಳಿಕ ಪೂರ್ಣ ಕ್ರಮವಿಧಿಯನ್ನು ಕೊಡಲಾಗಿದೆ. ಲೇಖಕರು ತಮ್ಮ ಇಷ್ಟಾನಿಷ್ಟಗಳನ್ನು ಮುಚ್ಚಿಡುವುದಿಲ್ಲ. ಶೈಲಿ ಸಂಭಾಷಣೆಯಂತೆ ಸರಾಗ. ಗಣಿತಜ್ಞರಲ್ಲದ ವಿಜ್ಞಾನಿಗಳಿಗೂ ಗ್ರಂಥವು ಪ್ರಿಯವಾಗಲು ಇದೇ ಮುಖ್ಯ ಕಾರಣವೆನ್ನಬಹುದು.

ಮೊದಲ ಆವೃತ್ತಿ ಫೋರ್ಟ್ರಾನ್ ಭಾಷೆಯನ್ನು ಆಧರಿಸಿತ್ತು. 1988ರಲ್ಲಿ ಸಿ ಭಾಷೆಯ ರೂಪ, 1992ರಲ್ಲಿ ಎರಡನೆಯ ಆವೃತ್ತಿ, 2007ರಲ್ಲಿ ಸಿ++ ಭಾಷೆಯ ಮೂರನೆಯ ಆವೃತ್ತಿ ಹೊರಬಂದವು.

ಟೀಕೆ

ಸಂಖ್ಯಾತ್ಮಕ ವಿಶ್ಲೇಷಣೆಯ ತಜ್ಞರಲ್ಲಿ ಕೆಲವರು ಇಲ್ಲಿನ ಕೆಲವು ವಿಧಾನಗಳು ಹಳೆಯವೆಂದೂ ವಿವರಣೆ ಅಪೂರ್ಣವೆಂದೂ ಆಕ್ಷೇಪಿಸಿದ್ದಾರೆ. ಸಿ ಭಾಷೆಯಲ್ಲಿ ಸರಣಿಯ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಗ್ರಂಥದ ಸಿ ಆವೃತ್ತಿಗಳು ಫೋರ್ಟ್ರಾನ್ ರೂಢಿಯಂತೆ ಒಂದರಿಂದ ಎಣಿಸಿದ್ದು ಹಲವರಿಗೆ ತೊಡಕಾಯಿತು. ಲೇಖಕರ ಆತ್ಮವಿಶ್ವಾಸವೇನೂ ಕಡಿಮೆಯದಲ್ಲ: ಎರಡನೆಯ ಆವೃತ್ತಿಯ 'ರ್‍ಯಾನ್2' ಎಂಬ ಯಾದೃಚ್ಛಿಕ ಸಂಖ್ಯಾಜನಕದಲ್ಲಿ ಗಣನೀಯ ದೋಷವನ್ನು ಮೊದಲು ತೋರಿಸಿಕೊಟ್ಟವರಿಗೆ 1,000 ಡಾಲರ್ ಬಹುಮಾನವನ್ನು ಅವರು ಘೋಷಿಸಿದ್ದರು.

ಪರವಾನಗಿಯ ಪ್ರಶ್ನೆ

ಗ್ರಂಥದ ಕ್ರಮವಿಧಿಗಳು ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿವೆ. ಪುಸ್ತಕ ಕೊಂಡವರು ಅವುಗಳನ್ನು ಸ್ವಂತ ಬಳಕೆಗಾಗಿ ತಮ್ಮ ಗಣಕದಲ್ಲಿ ಟೈಪು ಮಾಡಿಕೊಳ್ಳಬಹುದು; ಆದರೆ ಮೂಲ ಸಂಕೇತವನ್ನು ಅನುಮತಿಯಿಲ್ಲದೆ ಇತರರಿಗೆ ಹಂಚುವಂತಿಲ್ಲ. ಓದುಗನಿಗೆ ಕಲಿಸಲೆಂದೇ ಅಚ್ಚಾದ ಸಾಲುಗಳನ್ನು ಅವನು ತನ್ನ ಸಹೋದ್ಯೋಗಿಗೆ ಕೊಡಲಾಗದು ಎಂಬುದು ವಿಚಿತ್ರವೆನಿಸಿದರೂ ನಿಬಂಧನೆ ಸ್ಪಷ್ಟವಾಗಿದೆ. ಸಂಶೋಧಕನೊಬ್ಬ ತನ್ನ ತಂತ್ರಾಂಶದಲ್ಲಿ ಈ ಸಾಲುಗಳನ್ನು ಸೇರಿಸಿಕೊಂಡರೆ, ಇತರರು ಪರೀಕ್ಷಿಸಲೆಂದು ಅದರ ಸಂಪೂರ್ಣ ಮೂಲವನ್ನು ಪ್ರಕಟಿಸುವುದಕ್ಕೂ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಹಕ್ಕುಸ್ವಾಮ್ಯವು ಅಭಿವ್ಯಕ್ತಿಗೆ ಸಲ್ಲುತ್ತದೆಯೇ ಹೊರತು ಅದರೊಳಗಿನ ವಿಚಾರಕ್ಕಲ್ಲ. ಆದ್ದರಿಂದ ಗ್ರಂಥದಿಂದ ವಿಧಾನವನ್ನು ಅರಿತು ಸ್ವತಂತ್ರವಾಗಿ ಹೊಸ ಕ್ರಮವಿಧಿ ಬರೆಯಲು ಇದರಿಂದ ಅಡ್ಡಿಯಿಲ್ಲ.

ಇಂತಹ ನಿರ್ಬಂಧಗಳಿಲ್ಲದ ಕ್ರಮವಿಧಿ ಸಂಗ್ರಹಗಳಲ್ಲಿ ಗ್ನೂ ಸೈಂಟಿಫಿಕ್ ಲೈಬ್ರರಿ ಪ್ರಮುಖವಾದುದು. ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಮಾರ್ಕ್ ಗಲಾಸಿ ಮತ್ತು ಜೇಮ್ಸ್ ಥೈಲರ್ 1996ರಲ್ಲಿ ಇದನ್ನು ಆರಂಭಿಸಿದರು. ಸಿ ಭಾಷೆಯಲ್ಲಿರುವ ಈ ಸಂಗ್ರಹವನ್ನು ಮುಕ್ತ ಪರವಾನಗಿಯ ಷರತ್ತುಗಳಿಗೆ ಒಳಪಟ್ಟು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು.