ಪದ: ಹೆಜ್ಜೆಯಿಂದ ಹಾಡಿನವರೆಗೆ

ಹುಣಸಗಿ, ಕೊಡೇಕಲ್, ತಿಂಥಣಿ ಸೀಮೆಯ ಭಜನೆಯಲ್ಲಿ ‘ಒಂದು ಪದಾ ಹಾಡ್ರಿ’ ಎನ್ನುವುದೇ ರೂಢಿ. ಏಕತಾರಿಯ ಶ್ರುತಿಗೆ ತಾಳ ಕೂಡುವ ಆ ಹೊತ್ತಿನಲ್ಲಿ ‘ಗೀತೆ’ ಎಂಬ ಮಾತು ಯಾರ ಬಾಯಿಗೂ ಬರುವುದಿಲ್ಲ. ಹೆಜ್ಜೆಯನ್ನು ಹೇಳುತ್ತಿದ್ದ ಶಬ್ದವೊಂದು ಹಾಡಾಗಿ ನೆಲೆಸಿದ ದಾರಿಯನ್ನು ನಾವು ಶಬ್ದಪ್ರಿಯರು ಸಾವಕಾಶವಾಗಿ ನೋಡಬೇಕು.

ಸಂಸ್ಕೃತದ ಪದ ಮೊದಲಿಗೆ ಹೆಜ್ಜೆ, ಹೆಜ್ಜೆಯ ಗುರುತು. ಹೆಜ್ಜೆಯೂರಿದ ಎಡೆಯೇ ಸ್ಥಾನವಾಗಿ, ಪದವಿಯಾಗಿ, ಪರಮಪದದವರೆಗೆ ಏರಿತು. ಇತ್ತ ಪಾಣಿನಿಯಲ್ಲೂ, 13ನೇ ಶತಮಾನದ ನಮ್ಮ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲೂ ವಿಭಕ್ತಿ ಹತ್ತಿದ ಶಬ್ದವಾಯಿತು. ಇದರ ಪಕ್ಕದಲ್ಲೇ ಅಚ್ಚಗನ್ನಡದ ಇನ್ನೊಂದು ಪದವಿತ್ತು: ತಕ್ಕ ಸ್ಥಿತಿ, ಔಚಿತ್ಯ ಎಂಬರ್ಥದ್ದು. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡಿಗರ ಮಾತಿನ ಜಾಣ್ಮೆಯನ್ನು ಹೊಗಳುವಾಗ ಬಳಸುವುದು ಈ ದೇಸಿ ಪದವನ್ನೇ. ಪಕಾರ ಹಕಾರವಾದ ಕಾಲಕ್ಕೆ ಪಾಡು ಹಾಡಾಯಿತು, ಈ ದೇಸಿ ಪದ ಹದವಾಯಿತು. ಸಂಸ್ಕೃತದ ಪದ ಮಾತ್ರ ತನ್ನ ಪಕಾರವನ್ನು ಬಿಡಲಿಲ್ಲ. ಕಣದಲ್ಲಿ ಮೇಟಿಯ ಸುತ್ತ ಎತ್ತಿನ ಸಾಲು ತೆನೆ ತುಳಿಯುವಾಗ ಹಾಡುವ ‘ಹಂತಿಪದ’ವನ್ನೇ ನೋಡಿ: ಪಂಕ್ತಿ ಪಂತಿಯಾಗಿ ಹಂತಿಯಾಗಿದೆ, ಅದಕ್ಕಂಟಿದ ಪದ ಪದವಾಗಿಯೇ ಉಳಿದಿದೆ, ಒಂದೇ ಸಮಾಸದಲ್ಲಿ ಸವೆದದ್ದೂ ಸವೆಯದ್ದೂ ಜೊತೆಗಿವೆ.

ಹೆಜ್ಜೆಯೂ ಶಬ್ದವೂ ಆದ ಈ ಸಂಸ್ಕೃತದ ಪದವೇ ಹಾಡಿಗೂ ಹೆಸರಾಯಿತು; ಆ ಅರ್ಥದಲ್ಲಿ ಅದರ ಬಳಗ ದೊಡ್ಡದು. ಶರಣರ ಹಾಡು ಸ್ವರವಚನವೆನಿಸಿತು; ಹರಿದಾಸರಲ್ಲಿ ದಾಸರಪದ ಬಂತು, ನಿಜಗುಣ ಶಿವಯೋಗಿಗಳ ಪರಂಪರೆಯಲ್ಲಿ ಕೈವಲ್ಯಪದ; ಒಕ್ಕಲಿನ ಮನೆಗಳಲ್ಲಿ ಬೀಸುವ ಪದ, ಸೋಬಾನ ಪದ, ಬಯಲಲ್ಲಿ ಡೊಳ್ಳಿನ ಪದ, ಗೀಗೀ ಪದ, ಮೊಹರಮ್ಮಿನಲ್ಲಿ ರಿವಾಯತ್ ಪದ. ಕಾಲಜ್ಞಾನದ ಕೊಡೇಕಲ್ ಬಸವಣ್ಣ, ಕೃಷ್ಣೆಯ ದಡದ ತಿಂಥಣಿ ಮೌನೇಶ್ವರರ ಮಾತು ‘ವಚನ’ವೆಂಬ ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಆಮೇಲೆ ಕಡಕೋಳ ಮಡಿವಾಳಪ್ಪನವರು ಗುರು ಮಹಾಂತನ ಅಂಕಿತದಲ್ಲಿ ಹಾಡಿದ್ದು ತತ್ವಪದ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪರಂಥ ಶಿಷ್ಯರು ಅದನ್ನು ಜಾತಿಮತಗಳ ಗೆರೆ ದಾಟಿಸಿದರು. ‘ತತ್’ ಎಂದರೆ ಅದು, ‘ತತ್ವ’ ಎಂದರೆ ಅದರ ಅದುತನ. ಅದರ ಕಡೆಗಿಟ್ಟ ಹೆಜ್ಜೆಯೆಂದು ತತ್ವಪದವನ್ನು ಬಿಡಿಸಿಕೊಂಡರೆ ಮೂಲಾರ್ಥಕ್ಕೂ ಹಾಡುವವರ ಭಾವಕ್ಕೂ ಮೋಸವಾಗದು.

ಎಲ್ಲಕ್ಕಿಂತ ಸೊಗಸಾದ ಪಲ್ಲಟ ಇನ್ನೊಂದಿದೆ. ವ್ಯಾಕರಣದಲ್ಲಿ ನುಡಿ ದೊಡ್ಡದು, ಪದ ಅದರ ಒಂದು ತುಣುಕು. ಭಜನೆಯಲ್ಲಿ ಪದ ದೊಡ್ಡದು, ನುಡಿ ಅದರ ಒಂದು ಭಾಗ. ಪಲ್ಲವಿಯಾದ ಮೇಲೆ ‘ಎರಡನೇ ನುಡಿ’, ‘ಕಡೀ ನುಡಿ’ ಎಂದೇ ಎಣಿಸುತ್ತಾರೆ, ಅಂಕಿತ ಬರುವುದು ಆ ಕಡೆಯ ನುಡಿಯಲ್ಲಿ. ಓದಿನಲ್ಲಿ ಪದಗಳು ಕೂಡಿ ನುಡಿ; ಹಾಡಿನಲ್ಲಿ ನುಡಿಗಳು ಕೂಡಿ ಪದ. ಎರಡೂ ಸಾಧುವೇ. ಶಾಲೆಯ ಪಾಠ ಮೊದಲನೆಯದನ್ನಷ್ಟೇ ಕಲಿಸುತ್ತದೆ. ಎರಡನೆಯದು ಹಾಡುವವರ ಬಾಯಲ್ಲಿದೆ. ನಿಮ್ಮೂರಿನ ಭಜನೆಯವರು ಪದ, ನುಡಿ, ಅಂಕಿತಗಳನ್ನು ಹೇಗೆ ಬಳಸುತ್ತಾರೆಂಬುದನ್ನು ಅವರ ಮಾತಿನಲ್ಲೇ ಬರೆದಿಡಿ. ಕನ್ನಡದ ನಿಘಂಟು ತುಂಬಬೇಕಾದದ್ದು ಅಂಥ ಬರಹಗಳಿಂದ.