‘ಲೈನು’ ಎಂಬ ಮಾತಿನ ಚರಿತ್ರೆ

ಮಾತಿನ ಅರ್ಥವೆಲ್ಲವೂ ನಿಘಂಟಿನಲ್ಲಿಯೇ ಅಡಗಿದೆಯೆಂದು ವಿದ್ಯಾವಂತರಾದ ನಾವು ಭಾವಿಸುವುದುಂಟು. ಕೊಪ್ಪ ತಾಲ್ಲೂಕಿನ ನಾರ್ವೆಯ ಸೀಮೆಗೆ ಹೋದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಪಟ್ಟಣದ ನಮಗೆ ‘ಲೈನು’ ಎಂದರೆ ಗೆರೆ, ರೈಲಿನ ಹಾದಿ, ಇಲ್ಲವೆ ವಿದ್ಯುತ್ತಿನ ತಂತಿ. ಮಲೆನಾಡಿನ ಕಾಫಿ ತೋಟದಲ್ಲಿಯಾದರೋ ‘ಲೈನು’ ಎಂದರೆ ಆಳುಗಳು ವಾಸಿಸುವ ಮನೆಗಳ ಸಾಲು. ಒಂದೇ ಮಾತಿಗೆ ಇಷ್ಟು ಅರ್ಥಗಳು ಬಂದುದು ಹೇಗೆ?

ಲ್ಯಾಟಿನ್ ಭಾಷೆಯಲ್ಲಿ ‘ಲೀನುಂ’ ಎಂದರೆ ಅಗಸೆಯ ಗಿಡ; ಅದರ ನಾರಿನ ದಾರ ‘ಲೀನೆಯ’. ಲಿನನ್ ಬಟ್ಟೆಯ ಹೆಸರೂ, ಕೋಟಿನ ಒಳವಸ್ತ್ರಕ್ಕೆ ಹೇಳುವ ‘ಲೈನಿಂಗ್’ ಎಂಬುದೂ ಇದೇ ಮೂಲದವು. ಎಳೆದು ಕಟ್ಟಿದ ದಾರವು ನೇರವಾದ ಗೆರೆಯಾಯಿತು, ಗೆರೆಯು ಸಾಲಾಯಿತು, ಸಾಲು ಪದ್ಯದ ಪಂಕ್ತಿಯೂ ಸೈನ್ಯದ ಶ್ರೇಣಿಯೂ ವಂಶದ ಪರಂಪರೆಯೂ ಆಯಿತು. ಇದರಲ್ಲಿ ಸೋಜಿಗವೇನೂ ಇಲ್ಲ. ನಮ್ಮಲ್ಲಿಯೂ ‘ಸೂತ್ರ’ವೆಂದರೆ ದಾರವೂ ಹೌದು, ಶಾಸ್ತ್ರವಾಕ್ಯವೂ ಹೌದು, ‘ತಂತು’ವೆಂದರೆ ನೂಲೂ ಹೌದು, ಸಂತತಿಯೂ ಹೌದು.

ಸಿಪಾಯಿಗಳ ಬಿಡಾರಗಳ ಸಾಲನ್ನು ಆಂಗ್ಲರು ‘ಲೈನ್ಸ್’ ಎಂದು ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ತೋಟಗಾರರು ಚಿಕ್ಕಮಗಳೂರಿನ ಕಾಡುಗಳಲ್ಲಿ ಕಾಫಿಯನ್ನು ಬೆಳೆಸಲಾರಂಭಿಸಿದರು. ತುಳುನಾಡಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತಂದರು. ಒಂದೇ ಸೂರಿನ ಕೆಳಗೆ, ನಡುಗೋಡೆಯೊಂದನ್ನೇ ಹಂಚಿಕೊಂಡ ಅವರ ಕೋಣೆಗಳಿಗೂ ‘ಲೈನು’ ಎಂಬ ಹೆಸರೇ ಸಂದಿತು. ಚಳಿಜ್ವರದ ಆ ಕಾಡಿನಲ್ಲಿ ಎಷ್ಟೋ ಜನರು ಅಲ್ಲಿಯೇ ಬಾಳಿ ಅಲ್ಲಿಯೇ ಮಡಿದರು.

ತೋಟದಲ್ಲಿ ಈ ಮಾತಿಗೆ ಬೇರೆ ಅರ್ಥಗಳೂ ಉಂಟು. ಗಿಡ ನೆಡುವ ಮುನ್ನ ಹಗ್ಗ ಹಿಡಿದು ಗುಣಿಗಳ ಜಾಗವನ್ನು ಗುರುತಿಸುವ ಕೆಲಸ ‘ಲೈನಿಂಗ್’. ಪುರಾತನವಾದ ದಾರದ ಅರ್ಥ ಇಲ್ಲಿ ಇನ್ನೂ ಜೀವಂತವಾಗಿದೆ. ಕಾಫಿಯ ಎಲೆರೋಗಕ್ಕೆ ಪರಿಹಾರವನ್ನರಸಿ ಮೈಸೂರು ಸರ್ಕಾರವು 1915ರಲ್ಲಿ ಕೊಪ್ಪದಲ್ಲಿ ಸಂಶೋಧನೆಯನ್ನು ಆರಂಭಿಸಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಿರವಾದ ಕೇಂದ್ರವಾಯಿತು. ತಳಿವಿಜ್ಞಾನಿಗಳ ಬಾಯಲ್ಲಿ ‘ಲೈನು’ ಎಂದರೆ ಸಸ್ಯದ ವಂಶ. ಎಸ್. 795 ಎಂಬ ತಳಿಯ ಹಿರಿಯರಾರೆಂಬುದು ಲಿಖಿತವಾಗಿ ಉಳಿದಿದೆ.

ಇಲ್ಲಿ ನಮ್ಮ ಮನಸ್ಸು ತುಸು ತಡೆಯುತ್ತದೆ. ಗಿಡದ ವಂಶಾವಳಿಗೆ ದಾಖಲೆಯುಂಟು. ಆ ಗಿಡಕ್ಕೆ ಗುಣಿ ತೋಡಿದವರ ವಂಶಾವಳಿಗೆ ಅಂಥ ದಾಖಲೆ ಎಲ್ಲಿದೆ? ಊರವರ ಮಾತಿನಲ್ಲಿ ಅವರು ಬರಿದೆ ‘ಲೈನಿನವರು’. ಆಳುಗಳಿಗೆ ವಸತಿ ಕಲ್ಪಿಸುವ ಹೊಣೆಯನ್ನು 1951ರ ತೋಟಕಾರ್ಮಿಕರ ಕಾಯಿದೆಯು ತೋಟದ ಒಡೆಯರ ಮೇಲೆ ಹೊರಿಸಿತು. ಕಟ್ಟಡಗಳು ಅಲ್ಲಲ್ಲಿ ಸುಧಾರಿಸಿದವು. ಹೆಸರು ಮಾತ್ರ ಉಳಿಯಿತು.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಿರಿದಾದ ರೈಲ್ವೆ ಲೈನೊಂದಿತ್ತು. ಅದರ ಕಂಬಿಗಳು ಹೋದರೂ ಚರಿತ್ರೆಯ ಪುಸ್ತಕದಲ್ಲಿ ಅದಕ್ಕೆ ಸ್ಥಳ ದೊರೆತಿದೆ. ತೋಟದ ಲೈನುಗಳಲ್ಲಿ ಇಂದಿಗೂ ಒಲೆ ಉರಿಯುತ್ತಿದೆ. ಅಲ್ಲಿನ ವೃದ್ಧರು ತಮ್ಮ ಹಿರಿಯರು ಯಾವ ಘಟ್ಟವನ್ನು ಹತ್ತಿ ಬಂದರೆಂದು ಹೇಳಬಲ್ಲವರಾಗಿರುವಾಗಲೇ ಅದನ್ನು ಕೇಳಿ ಬರೆದಿಡುವುದು ಚರಿತ್ರೆಯನ್ನು ಓದುವ ನಮ್ಮೆಲ್ಲರ ಕರ್ತವ್ಯವಾಗಿದೆ.